ರೆಟ್ರೋಆರ್ಚ್

ರೆಟ್ರೋಆರ್ಚ್ ಎಂಬುದು ಹಳೆಯ ಕಾಲದ ವಿಡಿಯೋ ಗೇಮ್‌ಗಳನ್ನು ಇಂದಿನ ಗಣಕಯಂತ್ರ, ಮೊಬೈಲ್ ಫೋನ್ ಮತ್ತಿತರ ಸಾಧನಗಳಲ್ಲಿ ಆಡಲು ನೆರವಾಗುವ ಒಂದು ಮುಕ್ತ ತಂತ್ರಾಂಶ. ಇದು ಸ್ವತಃ ಎಮ್ಯುಲೇಟರ್ ಅಲ್ಲ. ಬೇರೆ ಬೇರೆ ಎಮ್ಯುಲೇಟರ್‌ಗಳನ್ನು 'ಕೋರ್' ಎಂಬ ಬಿಡಿ ಭಾಗಗಳ ರೂಪದಲ್ಲಿ ತನ್ನೊಳಗೆ ಜೋಡಿಸಿಕೊಂಡು ನಡೆಸುವ 'ಫ್ರಂಟ್‌ಎಂಡ್', ಅಂದರೆ ಬಳಕೆದಾರನ ಎದುರಿಗಿರುವ ಭಾಗವಾಗಿದೆ. ಕೋರ್ ಮತ್ತು ಫ್ರಂಟ್‌ಎಂಡ್‌ಗಳ ನಡುವಿನ ಸಂಪರ್ಕ ನಿಯಮಾವಳಿಗೆ 'ಲಿಬ್‌ರೆಟ್ರೋ' ಎಂದು ಹೆಸರು. ಸಿ ಭಾಷೆಯಲ್ಲಿ ಬರೆಯಲಾಗಿರುವ ರೆಟ್ರೋಆರ್ಚ್, ಗ್ನೂ ಜಿಪಿಎಲ್ ಪರವಾನಗಿಯ 3ನೆಯ ಆವೃತ್ತಿಯಡಿ ಉಚಿತವಾಗಿ ದೊರೆಯುತ್ತದೆ. ವಿಂಡೋಸ್, ಲಿನಕ್ಸ್, ಮ್ಯಾಕ್‌ಓಎಸ್, ಆಂಡ್ರಾಯ್ಡ್, ಐಓಎಸ್, ರಾಸ್ಪ್‌ಬೆರಿ ಪೈ ಮುಂತಾದ ಅನೇಕ ವೇದಿಕೆಗಳಲ್ಲಿ ಇದು ಕೆಲಸ ಮಾಡುತ್ತದೆ.

ಹಿನ್ನೆಲೆ

ಒಂದು ಯಂತ್ರದ ನಡವಳಿಕೆಯನ್ನು ಮತ್ತೊಂದು ಯಂತ್ರದ ಮೇಲೆ ತಂತ್ರಾಂಶದ ಮೂಲಕ ಅನುಕರಿಸುವುದನ್ನು ಎಮ್ಯುಲೇಷನ್ ಎಂದೂ, ಹಾಗೆ ಅನುಕರಿಸುವ ತಂತ್ರಾಂಶವನ್ನು ಎಮ್ಯುಲೇಟರ್ ಎಂದೂ ಕರೆಯುತ್ತಾರೆ. ಉದಾಹರಣೆಗೆ, ನಿಂಟೆಂಡೊ ಸಂಸ್ಥೆಯು 1983ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್ (ಹೊರದೇಶಗಳಲ್ಲಿ ಎನ್‌ಇಎಸ್) ಯಂತ್ರದಲ್ಲಿ ಸುಮಾರು 1.79 ಮೆಗಾಹರ್ಟ್ಸ್ ವೇಗದ ಪ್ರೊಸೆಸರ್ ಮತ್ತು 2 ಕಿಲೋಬೈಟ್ ಕಾರ್ಯಸ್ಮೃತಿ ಇದ್ದವು. ಆ ಯಂತ್ರಕ್ಕಾಗಿ ಬರೆದ ಆಟವು ಆ ಪ್ರೊಸೆಸರ್‌ನ ಆದೇಶಗಳನ್ನಷ್ಟೇ ಬಲ್ಲದು. ಇಂದಿನ ಗಣಕಯಂತ್ರ ಎಷ್ಟೇ ವೇಗದ್ದಾಗಿದ್ದರೂ ಆ ಆದೇಶಗಳು ಅದಕ್ಕೆ ಅರ್ಥವಾಗುವುದಿಲ್ಲ. ಎಮ್ಯುಲೇಟರ್ ನಡುವೆ ನಿಂತು, ಹಳೆಯ ಪ್ರೊಸೆಸರ್, ಚಿತ್ರದ ಚಿಪ್, ಧ್ವನಿಯ ಚಿಪ್ ಇವೆಲ್ಲವೂ ಮಾಡುತ್ತಿದ್ದ ಕೆಲಸವನ್ನು ಲೆಕ್ಕದ ಮೂಲಕ ಮರುಸೃಷ್ಟಿಸುತ್ತದೆ.

1990ರ ದಶಕದ ಉತ್ತರಾರ್ಧದಲ್ಲಿ ಇಂತಹ ಎಮ್ಯುಲೇಟರ್‌ಗಳು ಜನಪ್ರಿಯವಾದವು. ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳ ಆಟಗಳಿಗಾಗಿ ರೂಪುಗೊಂಡ 'ಮೇಮ್' 1997ರಲ್ಲಿ ಹೊರಬಂದಿತು. ಆದರೆ ಯಂತ್ರಕ್ಕೊಂದರಂತೆ ಎಮ್ಯುಲೇಟರ್‌ಗಳು ಹೆಚ್ಚಿದಂತೆ ತೊಡಕೂ ಹೆಚ್ಚಿತು. ಪ್ರತಿಯೊಂದಕ್ಕೂ ತನ್ನದೇ ಮೆನು, ತನ್ನದೇ ಕೀಲಿಗಳ ಹೊಂದಾಣಿಕೆ, ಆಟ ಉಳಿಸುವ ತನ್ನದೇ ವಿಧಾನ. ಒಂದೊಂದನ್ನೂ ಬಳಕೆದಾರರು ಹೊಸದಾಗಿ ಕಲಿಯಬೇಕಿತ್ತು. ಎಮ್ಯುಲೇಟರ್ ಬರೆಯುವವರ ಕಷ್ಟ ಇದಕ್ಕಿಂತ ದೊಡ್ಡದು. ಹಳೆಯ ಯಂತ್ರವೊಂದನ್ನು ಆಳವಾಗಿ ಬಲ್ಲವರು ಕೂಡ ಪರದೆಗೆ ಚಿತ್ರ ಕಳುಹಿಸುವುದು, ಧ್ವನಿ ಹೊರಡಿಸುವುದು, ಮೆನು ರಚಿಸುವುದು ಮೊದಲಾದ ಕೆಲಸಗಳನ್ನು ಪ್ರತಿ ಕಾರ್ಯಾಚರಣಾ ವ್ಯವಸ್ಥೆಗೂ ಮತ್ತೆ ಮತ್ತೆ ಬರೆಯಬೇಕಾಗುತ್ತಿತ್ತು. ಬರೆದವರು ಆಸಕ್ತಿ ಕಳೆದುಕೊಂಡರೆ, ಕಾರ್ಯಾಚರಣಾ ವ್ಯವಸ್ಥೆ ಬದಲಾದಂತೆ ಅವರ ಎಮ್ಯುಲೇಟರ್ ಕೂಡ ಮೂಲೆಗುಂಪಾಗುತ್ತಿತ್ತು. ಈ ಎರಡು ಬಗೆಯ ಕೆಲಸಗಳನ್ನು ಬೇರ್ಪಡಿಸುವುದೇ ರೆಟ್ರೋಆರ್ಚ್‌ನ ಮೂಲ ವಿಚಾರ.

ಇತಿಹಾಸ

ಸೂಪರ್ ನಿಂಟೆಂಡೊ (ಎಸ್‌ಎನ್‌ಇಎಸ್) ಯಂತ್ರವನ್ನು ಅತ್ಯಂತ ನಿಖರವಾಗಿ ಅನುಕರಿಸುವ ಗುರಿಯ 'ಬಿಎಸ್‌ನೆಸ್' ಎಂಬ ಎಮ್ಯುಲೇಟರ್‌ನ ಕರ್ತೃ, ಅದರ ಅನುಕರಣೆಯ ಭಾಗವನ್ನು ಮಾತ್ರ ಬೇರ್ಪಡಿಸಿ 'ಲಿಬ್‌ಸ್ನೆಸ್' ಎಂಬ ಗ್ರಂಥಾಲಯವಾಗಿ ನೀಡಿದ್ದರು. ತಂತ್ರಾಂಶದ ಪರಿಭಾಷೆಯಲ್ಲಿ 'ಗ್ರಂಥಾಲಯ' ಎಂದರೆ ಇತರ ತಂತ್ರಾಂಶಗಳು ಕರೆದು ಬಳಸಬಹುದಾದ ಸಿದ್ಧ ಸಂಕೇತಗಳ ಸಂಗ್ರಹ. ಇದನ್ನು ಬಳಸಿಕೊಂಡು ಹಾನ್ಸ್-ಕ್ರಿಸ್ಟಿಯನ್ ಆರ್ನ್ಟ್‌ಸನ್ ಅವರು 2010ರಲ್ಲಿ 'ಎಸ್‌ಎಸ್‌ನೆಸ್' ಎಂಬ ಸರಳ ಫ್ರಂಟ್‌ಎಂಡ್ ಬರೆಯಲಾರಂಭಿಸಿದರು. ಲಿಬ್‌ಸ್ನೆಸ್‌ನ ನಿಯಮಗಳನ್ನು ಸ್ವಲ್ಪ ವಿಸ್ತರಿಸಿದರೆ ಇತರ ಯಂತ್ರಗಳ ಎಮ್ಯುಲೇಟರ್‌ಗಳನ್ನೂ ಅದೇ ರೀತಿ ಜೋಡಿಸಬಹುದೆಂಬುದು ಬೇಗನೆ ಸ್ಪಷ್ಟವಾಯಿತು. ಹೀಗೆ ವಿಸ್ತರಿಸಿದ ನಿಯಮಾವಳಿಯೇ ಲಿಬ್‌ರೆಟ್ರೋ. ತಂತ್ರಾಂಶವು ಒಂದೇ ಯಂತ್ರಕ್ಕೆ ಸೀಮಿತವಾಗಿ ಉಳಿಯದ ಕಾರಣ 2012ರಲ್ಲಿ ಅದಕ್ಕೆ ರೆಟ್ರೋಆರ್ಚ್ ಎಂಬ ಹೆಸರಾಯಿತು. ಯೋಜನೆಯ ಮುಂದಾಳತ್ವದಲ್ಲಿ ಡೇನಿಯಲ್ ಡಿ ಮ್ಯಾಟಿಸ್ ಅವರ ಪಾತ್ರ ಪ್ರಮುಖವಾದುದು.

1.0 ಆವೃತ್ತಿಯು 2014ರ ಜನವರಿಯಲ್ಲಿ ಪ್ರಕಟವಾಯಿತು. 2018ರಲ್ಲಿ, ಗುಂಡಿ ಒತ್ತುವುದಕ್ಕೂ ಪರದೆಯ ಮೇಲೆ ಅದರ ಫಲ ಕಾಣುವುದಕ್ಕೂ ನಡುವಿನ ವಿಳಂಬವನ್ನು ತಗ್ಗಿಸುವ 'ರನ್-ಅಹೆಡ್' ಸೌಲಭ್ಯ ಸೇರಿತು. 2021ರ ಸೆಪ್ಟೆಂಬರ್‌ನಲ್ಲಿ ಇದು ಸ್ಟೀಮ್ ಮಳಿಗೆಯಲ್ಲಿ ಉಚಿತವಾಗಿ ಲಭ್ಯವಾಯಿತು. ಆಪಲ್ ಸಂಸ್ಥೆಯು 2024ರ ಏಪ್ರಿಲ್‌ನಲ್ಲಿ ತನ್ನ ನಿಯಮಗಳನ್ನು ಸಡಿಲಿಸಿ ಹಳೆಯ ಗೇಮ್‌ಗಳ ಎಮ್ಯುಲೇಟರ್‌ಗಳಿಗೆ ಅವಕಾಶ ನೀಡಿದ ನಂತರ, ಮೇ ತಿಂಗಳಲ್ಲಿ ಆಪ್ ಸ್ಟೋರ್‌ನಲ್ಲೂ ರೆಟ್ರೋಆರ್ಚ್ ಪ್ರಕಟವಾಯಿತು.

ರಚನೆ ಮತ್ತು ಕಾರ್ಯವಿಧಾನ

ಮನೆಯ ಮಿಕ್ಸರ್‌ನಲ್ಲಿ ಮೋಟಾರು ಇರುವ ತಳಭಾಗ ಒಂದೇ. ಚಟ್ನಿಗೊಂದು, ಹಿಟ್ಟಿಗೊಂದು, ರಸಕ್ಕೊಂದು ಎಂದು ಜಾರುಗಳು ಮಾತ್ರ ಬೇರೆ. ಯಾವ ಜಾರಾದರೂ ಒಂದೇ ತಳಭಾಗದ ಮೇಲೆ ಕೂರಬೇಕಾದರೆ ಅವೆರಡೂ ಸೇರುವ ಹಲ್ಲುಗಳ ಅಳತೆ ನಿಗದಿಯಾಗಿರಬೇಕು. ರೆಟ್ರೋಆರ್ಚ್‌ನಲ್ಲಿ ತಳಭಾಗವು ಫ್ರಂಟ್‌ಎಂಡ್, ಜಾರುಗಳು ಕೋರ್‌ಗಳು, ಹಲ್ಲುಗಳ ಅಳತೆಯೇ ಲಿಬ್‌ರೆಟ್ರೋ.

ಪ್ರತಿಯೊಂದು ಕೋರ್ ಕೂಡ ಒಂದು ಪ್ರತ್ಯೇಕ ಗ್ರಂಥಾಲಯ ಕಡತ. ವಿಂಡೋಸ್‌ನಲ್ಲಿ ಅದು ಡಿಎಲ್‌ಎಲ್ ಕಡತವಾಗಿರುತ್ತದೆ. ಬಳಕೆದಾರರು ಆಯ್ಕೆ ಮಾಡಿದಾಗ ಫ್ರಂಟ್‌ಎಂಡ್ ಅದನ್ನು ಸ್ಮೃತಿಗೆ ತುಂಬಿಕೊಂಡು, ನಿಗದಿತ ಹೆಸರಿನ ಕೆಲವು ಕಾರ್ಯಗಳನ್ನು ಕ್ರಮವಾಗಿ ಕರೆಯುತ್ತದೆ. 'ರೆಟ್ರೋ_ಇನಿಟ್' ಕೋರ್ ಅನ್ನು ಸಿದ್ಧಗೊಳಿಸುತ್ತದೆ. 'ರೆಟ್ರೋ_ಲೋಡ್_ಗೇಮ್' ಆಟದ ಕಡತವನ್ನು ಒಪ್ಪಿಸುತ್ತದೆ. ಆ ಬಳಿಕ 'ರೆಟ್ರೋ_ರನ್' ಎಂಬ ಕಾರ್ಯವನ್ನು ಮತ್ತೆ ಮತ್ತೆ ಕರೆಯಲಾಗುತ್ತದೆ. ಒಂದು ಬಾರಿ ಕರೆದರೆ ಆಟವು ಒಂದು ಫ್ರೇಮ್‌ನಷ್ಟು, ಅಂದರೆ ಪರದೆಯ ಒಂದು ಪೂರ್ಣ ಚಿತ್ರದಷ್ಟು ಮುಂದಕ್ಕೆ ಸಾಗುತ್ತದೆ. ಅಮೆರಿಕ ಮತ್ತು ಜಪಾನಿನ ಟಿವಿ ಪದ್ಧತಿಯ ಯಂತ್ರಗಳಲ್ಲಿ ಇದು ಸೆಕೆಂಡಿಗೆ ಸುಮಾರು 60 ಬಾರಿ, ಯುರೋಪಿನ ಪದ್ಧತಿಯವುಗಳಲ್ಲಿ ಸುಮಾರು 50 ಬಾರಿ ನಡೆಯುತ್ತದೆ.

ಪ್ರತಿ ಫ್ರೇಮ್‌ನಲ್ಲೂ ಕೋರ್ ಮೂರು ಕೆಲಸಗಳಿಗಾಗಿ ಫ್ರಂಟ್‌ಎಂಡ್ ಅನ್ನು ಅವಲಂಬಿಸುತ್ತದೆ: ಆಟಗಾರರು ಯಾವ ಗುಂಡಿ ಒತ್ತಿದ್ದಾರೆಂದು ಕೇಳುತ್ತದೆ, ಸಿದ್ಧವಾದ ಚಿತ್ರವನ್ನು ಒಪ್ಪಿಸುತ್ತದೆ, ಆ ಕ್ಷಣದ ಧ್ವನಿಯನ್ನು ಒಪ್ಪಿಸುತ್ತದೆ. ಆ ಚಿತ್ರ ಮೊಬೈಲ್ ಪರದೆಗೆ ಹೋಯಿತೋ ಟಿವಿಗೆ ಹೋಯಿತೋ ಎಂಬುದು ಕೋರ್‌ಗೆ ತಿಳಿಯಬೇಕಾಗಿಲ್ಲ. ಹಾಗೆಯೇ, ಆ ಚಿತ್ರ ಯಾವ ಹಳೆಯ ಯಂತ್ರದ್ದೆಂಬುದು ಫ್ರಂಟ್‌ಎಂಡ್‌ಗೆ ತಿಳಿಯಬೇಕಾಗಿಲ್ಲ.

ಗುಂಡಿಗಳ ವಿಷಯದಲ್ಲಿ 'ರೆಟ್ರೋಪ್ಯಾಡ್' ಎಂಬ ಕಲ್ಪಿತ ನಿಯಂತ್ರಕವೊಂದನ್ನು ನಿಗದಿಪಡಿಸಲಾಗಿದೆ. ನಾಲ್ಕು ದಿಕ್ಕಿನ ಗುಂಡಿಗಳು, ಎ-ಬಿ-ಎಕ್ಸ್-ವೈ ಗುಂಡಿಗಳು, ಸ್ಟಾರ್ಟ್, ಸೆಲೆಕ್ಟ್, ಅಂಚಿನ ಗುಂಡಿಗಳು ಮತ್ತು ಎರಡು ಅನಲಾಗ್ ಕಡ್ಡಿಗಳು ಇದರಲ್ಲಿವೆ. ಬಳಕೆದಾರರ ಕೈಯಲ್ಲಿರುವುದು ಯಾವುದೇ ನಿಯಂತ್ರಕವಾಗಿರಲಿ, ಅದನ್ನು ರೆಟ್ರೋಪ್ಯಾಡ್‌ಗೆ ಒಮ್ಮೆ ಹೊಂದಿಸಿದರೆ ಸಾಕು. ಎಲ್ಲ ಕೋರ್‌ಗಳಿಗೂ ಅದು ಅನ್ವಯಿಸುತ್ತದೆ.

ಲಿಬ್‌ರೆಟ್ರೋ ನಿಯಮಾವಳಿಯ ಕಡತವನ್ನು ಎಂಐಟಿ ಎಂಬ ಉದಾರ ಪರವಾನಗಿಯಡಿ ನೀಡಲಾಗಿರುವುದರಿಂದ, ಅದನ್ನು ರೆಟ್ರೋಆರ್ಚ್ ಮಾತ್ರವಲ್ಲದೆ ಬೇರೆ ತಂತ್ರಾಂಶಗಳೂ ಅಳವಡಿಸಿಕೊಂಡಿವೆ. ಕೋಡಿ ಎಂಬ ಮಾಧ್ಯಮ ತಂತ್ರಾಂಶದ 18ನೆಯ ಆವೃತ್ತಿಯು (2019) ಲಿಬ್‌ರೆಟ್ರೋ ಕೋರ್‌ಗಳ ಮೂಲಕವೇ ಆಟಗಳನ್ನು ನಡೆಸುತ್ತದೆ. ರೆಟ್ರೋಆರ್ಚ್ ಅನ್ನೇ ಕೇಂದ್ರವಾಗಿಟ್ಟುಕೊಂಡ 'ಲಕ್ಕಾ' ಎಂಬ ಲಿನಕ್ಸ್ ವಿತರಣೆಯು ಹಳೆಯ ಗಣಕಯಂತ್ರವನ್ನು ಅಥವಾ ರಾಸ್ಪ್‌ಬೆರಿ ಪೈಯನ್ನು ಪೂರ್ಣ ಗೇಮ್ ಯಂತ್ರವಾಗಿ ಮಾರ್ಪಡಿಸುತ್ತದೆ. ರೆಟ್ರೋಪೈ ಕೂಡ ಹಲವು ಯಂತ್ರಗಳ ಅನುಕರಣೆಗೆ ರೆಟ್ರೋಆರ್ಚ್ ಅನ್ನೇ ಬಳಸುತ್ತದೆ.

ಪ್ರಮುಖ ಕೋರ್‌ಗಳು

- ಎನ್‌ಇಎಸ್ / ಫ್ಯಾಮಿಕಾಮ್ (1983): ನೆಸ್ಟೋಪಿಯಾ, ಎಫ್‌ಸಿಇಯುಎಂಎಂ
- ಗೇಮ್ ಬಾಯ್ (1989): ಗ್ಯಾಂಬಟ್ಟೆ
- ಗೇಮ್ ಬಾಯ್ ಅಡ್ವಾನ್ಸ್ (2001): ಎಂಜಿಬಿಎ
- ಸೂಪರ್ ನಿಂಟೆಂಡೊ (1990): ಸ್ನೆಸ್9ಎಕ್ಸ್, ಬಿಎಸ್‌ನೆಸ್
- ಸೆಗಾ ಮೆಗಾ ಡ್ರೈವ್ (1988): ಜೆನೆಸಿಸ್ ಪ್ಲಸ್ ಜಿಎಕ್ಸ್
- ಸೋನಿ ಪ್ಲೇಸ್ಟೇಷನ್ (1994): ಬೀಟಲ್ ಪಿಎಸ್‌ಎಕ್ಸ್, ಪಿಸಿಎಸ್‌ಎಕ್ಸ್ ರಿಆರ್ಮ್ಡ್
- ನಿಂಟೆಂಡೊ 64 (1996): ಮ್ಯೂಪೆನ್64ಪ್ಲಸ್-ನೆಕ್ಸ್ಟ್
- ಆರ್ಕೇಡ್ ಯಂತ್ರಗಳು: ಮೇಮ್, ಫೈನಲ್‌ಬರ್ನ್ ನಿಯೋ
- ಡಾಸ್ ಕಾಲದ ಗಣಕಯಂತ್ರ: ಡಾಸ್‌ಬಾಕ್ಸ್

1990ರ ದಶಕದಲ್ಲಿ ಭಾರತದ ಮಾರುಕಟ್ಟೆಗಳಲ್ಲಿ ಹೇರಳವಾಗಿ ಸಿಗುತ್ತಿದ್ದ, 'ಕ್ಯಾಸೆಟ್' ಹಾಕಿ ಟಿವಿಯಲ್ಲಿ ಆಡುವ ಅಗ್ಗದ ಗೇಮ್ ಯಂತ್ರಗಳಲ್ಲಿ ಅನೇಕವು ಫ್ಯಾಮಿಕಾಮ್‌ನ ಅನಧಿಕೃತ ನಕಲುಗಳಾಗಿದ್ದವು. ಅವುಗಳ ಬಹುಆಟದ ಕ್ಯಾಸೆಟ್‌ಗಳು ಮೂಲ ನಿಂಟೆಂಡೊ ಕ್ಯಾಸೆಟ್‌ಗಳಿಗಿಂತ ಭಿನ್ನವಾದ ಒಳರಚನೆ ಹೊಂದಿದ್ದವು. ಅಂತಹ ಅನಧಿಕೃತ ಕ್ಯಾಸೆಟ್‌ಗಳ ಹಲವು ಬಗೆಗಳನ್ನೂ ಎಫ್‌ಸಿಇಯುಎಂಎಂ ಕೋರ್ ಬಲ್ಲದು.

ಕೋರ್ ಎಂದರೆ ಎಮ್ಯುಲೇಟರ್ ಆಗಿರಲೇಬೇಕೆಂದಿಲ್ಲ. ಡೂಮ್, ಕ್ವೇಕ್ ಮುಂತಾದ ಆಟಗಳ ಮೂಲ ಎಂಜಿನ್‌ಗಳು, 2048ರಂತಹ ಪುಟ್ಟ ಆಟಗಳು ಕೂಡ ಕೋರ್‌ಗಳ ರೂಪದಲ್ಲಿ ಲಭ್ಯವಿವೆ.

ಒಂದೇ ಯಂತ್ರಕ್ಕೆ ಎರಡು ಮೂರು ಕೋರ್‌ಗಳಿರುವುದಕ್ಕೆ ಕಾರಣವಿದೆ. ಮೂಲ ಯಂತ್ರವನ್ನು ಎಷ್ಟು ಸೂಕ್ಷ್ಮವಾಗಿ ಅನುಕರಿಸಿದರೆ ಅಷ್ಟು ಹೆಚ್ಚು ಲೆಕ್ಕ ಮಾಡಬೇಕಾಗುತ್ತದೆ. ಬಿಎಸ್‌ನೆಸ್ ನಿಖರತೆಗೆ ಆದ್ಯತೆ ನೀಡುತ್ತದೆ. ಸ್ನೆಸ್9ಎಕ್ಸ್ ಕಡಿಮೆ ಸಾಮರ್ಥ್ಯದ ಸಾಧನಗಳಲ್ಲೂ ಸರಾಗವಾಗಿ ಓಡುತ್ತದೆ. ತನ್ನ ಸಾಧನಕ್ಕೆ ಯಾವುದು ತಕ್ಕುದೆಂಬುದನ್ನು ಬಳಕೆದಾರರೇ ಆರಿಸಿಕೊಳ್ಳಬಹುದು.

ವೈಶಿಷ್ಟ್ಯಗಳು

ಕೋರ್ ಮತ್ತು ಫ್ರಂಟ್‌ಎಂಡ್ ಬೇರೆಯಾಗಿರುವುದರಿಂದ, ಫ್ರಂಟ್‌ಎಂಡ್‌ಗೆ ಒಮ್ಮೆ ಸೇರಿಸಿದ ಸೌಲಭ್ಯ ಹತ್ತಾರು ಕೋರ್‌ಗಳಿಗೆ ಏಕಕಾಲದಲ್ಲಿ ದೊರೆಯುತ್ತದೆ.

ಸ್ಥಿತಿ ಉಳಿಸುವಿಕೆ: ಆಟ ನಡೆಯುತ್ತಿರುವ ಯಾವುದೇ ಕ್ಷಣದಲ್ಲಿ ಅನುಕರಿತ ಯಂತ್ರದ ಇಡೀ ಸ್ಮೃತಿಯನ್ನು ಕಡತವೊಂದಕ್ಕೆ ಬರೆದಿಟ್ಟು, ಅನಂತರ ಅದೇ ಕ್ಷಣಕ್ಕೆ ಮರಳಬಹುದು. ಇಂತಹ ಚಿತ್ರಣಗಳನ್ನು ಒಂದರ ಹಿಂದೊಂದು ಇಟ್ಟುಕೊಳ್ಳುವ ಮೂಲಕ ಆಟವನ್ನು ಹಿಂದಕ್ಕೆ ಸುತ್ತುವ 'ರಿವೈಂಡ್' ಕೂಡ ಸಾಧ್ಯವಾಗಿದೆ.

ಶೇಡರ್‌ಗಳು: ಹಳೆಯ ಆಟಗಳ ಚಿತ್ರಗಳನ್ನು ಕಲಾವಿದರು ಕೊಳವೆ ಟಿವಿಗಾಗಿ ರಚಿಸಿದ್ದರು. ಮೆಗಾ ಡ್ರೈವ್‌ನ 'ಸೋನಿಕ್ ದ ಹೆಡ್ಜ್‌ಹಾಗ್' ಆಟದ ಜಲಪಾತವು ವಾಸ್ತವದಲ್ಲಿ ಲಂಬ ಗೆರೆಗಳ ಸಾಲು. ಕೇಬಲಿನ ಮೂಲಕ ಹಳೆಯ ಟಿವಿಗೆ ತಲುಪುವಾಗ ಆ ಗೆರೆಗಳು ಒಂದರೊಳಗೊಂದು ಬೆರೆತು ನೀರು ಪಾರದರ್ಶಕವಾಗಿ ತೋರುತ್ತಿತ್ತು. ಇಂದಿನ ಪರದೆಯಲ್ಲಿ ಬರಿಯ ಗೆರೆಗಳೇ ಕಾಣುತ್ತವೆ. ಶೇಡರ್‌ಗಳು ಚಿತ್ರವನ್ನು ಸಂಸ್ಕರಿಸಿ, ಕೊಳವೆ ಟಿವಿಯ ಅಡ್ಡಗೆರೆ, ಬಾಗು ಮತ್ತು ಬಣ್ಣದ ಬೆರಕೆಯನ್ನು ಮರಳಿ ತರುತ್ತವೆ.

ಧ್ವನಿ ಹೊಂದಾಣಿಕೆ: ಎನ್‌ಇಎಸ್ ಯಂತ್ರವು ಸೆಕೆಂಡಿಗೆ 60ಕ್ಕಿಂತ ತುಸು ಹೆಚ್ಚು, ಸುಮಾರು 60.1 ಫ್ರೇಮ್‌ಗಳನ್ನು ತೋರಿಸುತ್ತಿತ್ತು. ಇಂದಿನ ಸಾಮಾನ್ಯ ಪರದೆಯ ವೇಗ 60. ಈ ಸಣ್ಣ ವ್ಯತ್ಯಾಸ ಶೇಖರವಾಗುತ್ತ ಹೋಗಿ ಚಿತ್ರ ಜಗ್ಗುತ್ತದೆ ಅಥವಾ ಧ್ವನಿಯಲ್ಲಿ ಚಟಪಟ ಸದ್ದು ಬರುತ್ತದೆ. ರೆಟ್ರೋಆರ್ಚ್ ಧ್ವನಿಯ ವೇಗವನ್ನು ಕಿವಿಗೆ ಗೊತ್ತಾಗದಷ್ಟು ಅಲ್ಪ ಪ್ರಮಾಣದಲ್ಲಿ ಏರಿಳಿಸುತ್ತ ಎರಡನ್ನೂ ಸರಿದೂಗಿಸುತ್ತದೆ.

ರನ್-ಅಹೆಡ್: ಅನೇಕ ಹಳೆಯ ಆಟಗಳು ಗುಂಡಿ ಒತ್ತಿದ ಒಂದೆರಡು ಫ್ರೇಮ್‌ಗಳ ನಂತರವೇ ಸ್ಪಂದಿಸುತ್ತವೆ. ಒಂದು ಫ್ರೇಮ್ ಎಂದರೆ ಸುಮಾರು 16.7 ಮಿಲಿಸೆಕೆಂಡ್. ಇದರೊಡನೆ ಇಂದಿನ ಪರದೆಗಳ ವಿಳಂಬವೂ ಸೇರಿದರೆ ಆಟ ಮಂದವೆನಿಸುತ್ತದೆ. ರೆಟ್ರೋಆರ್ಚ್ ಮೊದಲು ಸ್ಥಿತಿಯನ್ನು ಉಳಿಸಿಕೊಂಡು, ತೆರೆಮರೆಯಲ್ಲಿ ಒಂದೆರಡು ಫ್ರೇಮ್ ಮುಂದಕ್ಕೆ ಆಡಿಸಿ, ಆ ಮುಂದಿನ ಚಿತ್ರವನ್ನೇ ತೋರಿಸಿ, ಮತ್ತೆ ಉಳಿಸಿದ ಸ್ಥಿತಿಗೆ ಮರಳುತ್ತದೆ.

ಜಾಲದ ಮೂಲಕ ಆಟ: ದೂರದಲ್ಲಿರುವ ಇಬ್ಬರು ಒಟ್ಟಿಗೆ ಆಡುವಾಗ ಚಿತ್ರಗಳ ಬದಲು ಗುಂಡಿ ಒತ್ತಿದ ಮಾಹಿತಿಯನ್ನು ಮಾತ್ರ ವಿನಿಮಯ ಮಾಡಿಕೊಳ್ಳಲಾಗುತ್ತದೆ. ಆದ್ದರಿಂದ ಇಬ್ಬರ ಬಳಿಯೂ ಒಂದೇ ಕೋರ್, ಅದರ ಒಂದೇ ಆವೃತ್ತಿ ಮತ್ತು ಒಂದೇ ಆಟದ ಕಡತ ಇರಬೇಕು.

ಬಳಸುವ ಕ್ರಮ

ತಂತ್ರಾಂಶವನ್ನು ಸ್ಥಾಪಿಸಿದಾಗ ಅದರಲ್ಲಿ ಯಾವ ವಾಣಿಜ್ಯ ಆಟವೂ ಇರುವುದಿಲ್ಲ. ಹಲವು ವೇದಿಕೆಗಳಲ್ಲಿ ಕೋರ್‌ಗಳೂ ಇರುವುದಿಲ್ಲ. ಮೆನುವಿನಲ್ಲಿ 'ಲೋಡ್ ಕೋರ್' ಎಂಬಲ್ಲಿಗೆ ಹೋಗಿ ಬೇಕಾದ ಕೋರ್ ಅನ್ನು ಇಳಿಸಿಕೊಳ್ಳಬೇಕು. ಬಳಿಕ 'ಲೋಡ್ ಕಂಟೆಂಟ್' ಮೂಲಕ ಆಟದ ಕಡತವನ್ನು ತೆರೆಯಬೇಕು. ಆಟಗಳಿರುವ ಕಡತಕೋಶವನ್ನು ಶೋಧಿಸಲು ಹೇಳಿದರೆ, ತಂತ್ರಾಂಶವು ಕಡತಗಳನ್ನು ತನ್ನ ಮಾಹಿತಿ ಸಂಗ್ರಹದೊಡನೆ ಹೋಲಿಸಿ ಯಂತ್ರವಾರು ಪಟ್ಟಿಗಳನ್ನು ತಾನೇ ರಚಿಸುತ್ತದೆ.

ಗಣಕಯಂತ್ರದ ಕೀಲಿಮಣೆಯಲ್ಲಿ ಎಫ್1 ಕೀಲಿ ಮೆನು ತೆರೆಯುತ್ತದೆ, ಎಫ್2 ಸ್ಥಿತಿಯನ್ನು ಉಳಿಸುತ್ತದೆ, ಎಫ್4 ಉಳಿಸಿದ ಸ್ಥಿತಿಗೆ ಮರಳಿಸುತ್ತದೆ. ಇವನ್ನು ಬಳಕೆದಾರರು ಬದಲಿಸಿಕೊಳ್ಳಬಹುದು.

ಪ್ಲೇಸ್ಟೇಷನ್‌ನಂತಹ ಕೆಲವು ಯಂತ್ರಗಳನ್ನು ಅನುಕರಿಸಲು ಆ ಯಂತ್ರದೊಳಗಿನ 'ಬಯೋಸ್' ಎಂಬ ಮೂಲ ತಂತ್ರಾಂಶವೂ ಬೇಕಾಗುತ್ತದೆ. ಅದನ್ನು 'ಸಿಸ್ಟಮ್' ಎಂಬ ಕಡತಕೋಶದಲ್ಲಿ ಸರಿಯಾದ ಹೆಸರಿನಲ್ಲಿ ಇಡಬೇಕು. ಬೀಟಲ್ ಪಿಎಸ್‌ಎಕ್ಸ್ ಕೋರ್‌ಗೆ ಇದು ಅಗತ್ಯ. ಪಿಸಿಎಸ್‌ಎಕ್ಸ್ ರಿಆರ್ಮ್ಡ್ ತನ್ನದೇ ಬದಲಿ ವ್ಯವಸ್ಥೆ ಹೊಂದಿದೆಯಾದರೂ ಎಲ್ಲ ಆಟಗಳೂ ಅದರಲ್ಲಿ ಸರಿಯಾಗಿ ನಡೆಯುವುದಿಲ್ಲ.

ಉಳಿಸುವಿಕೆಯಲ್ಲಿ ಎರಡು ಬಗೆಗಳಿರುವುದನ್ನು ಹೊಸಬರು ಗಮನಿಸಬೇಕು. ಆಟದೊಳಗೇ ಇರುವ 'ಸೇವ್' ಸೌಲಭ್ಯದಿಂದ ಉಂಟಾಗುವ ಕಡತವು ಮೂಲ ಕ್ಯಾಸೆಟ್‌ನ ಸ್ಮೃತಿಗೆ ಸಮಾನವಾದುದು. ಸಾಮಾನ್ಯವಾಗಿ ಅದನ್ನು ಬೇರೆ ಕೋರ್‌ನಲ್ಲೂ ಬಳಸಬಹುದು. ಸ್ಥಿತಿ ಉಳಿಸುವಿಕೆಯ ಕಡತವಾದರೋ ಅದನ್ನು ರಚಿಸಿದ ಕೋರ್‌ಗೆ ಸೇರಿದ್ದು. ಕೋರ್ ಹೊಸ ಆವೃತ್ತಿಗೆ ಬದಲಾದಾಗಲೂ ಅದು ತೆರೆಯದೆ ಹೋಗಬಹುದು. ದೀರ್ಘಕಾಲ ಆಡುವ ಆಟಗಳಲ್ಲಿ ಸ್ಥಿತಿ ಉಳಿಸುವಿಕೆಯೊಂದನ್ನೇ ನೆಚ್ಚುವುದು ಸೂಕ್ತವಲ್ಲ.

ಪರವಾನಗಿ ಮತ್ತು ಕಾನೂನು

ರೆಟ್ರೋಆರ್ಚ್ ಜಿಪಿಎಲ್ ಪರವಾನಗಿಯಡಿ ಇದ್ದರೂ ಎಲ್ಲ ಕೋರ್‌ಗಳೂ ಹಾಗಿಲ್ಲ. ಸ್ನೆಸ್9ಎಕ್ಸ್ ಮತ್ತು ಜೆನೆಸಿಸ್ ಪ್ಲಸ್ ಜಿಎಕ್ಸ್‌ಗಳ ಪರವಾನಗಿಯು ವಾಣಿಜ್ಯ ಬಳಕೆಯನ್ನು ನಿಷೇಧಿಸುತ್ತದೆ. ಇವನ್ನು ತುಂಬಿದ ಸಾಧನಗಳನ್ನು ಅನುಮತಿಯಿಲ್ಲದೆ ಮಾರುವುದು ಆಯಾ ಕರ್ತೃಗಳ ಹಕ್ಕಿನ ಉಲ್ಲಂಘನೆಯಾಗುತ್ತದೆ. 2016ರ ಡಿಸೆಂಬರ್‌ನಲ್ಲಿ, ಸೆಗಾ ಸಂಸ್ಥೆಯ 'ಸೆಗಾ ಫಾರೆವರ್' ಯೋಜನೆಗಾಗಿ ಗುತ್ತಿಗೆ ಪಡೆದಿದ್ದ ಕಂಪನಿಯೊಂದು ರೆಟ್ರೋಆರ್ಚ್ ಬಳಸುವ ಕುರಿತು ಅಭಿವೃದ್ಧಿಕಾರರನ್ನು ಸಂಪರ್ಕಿಸಿತ್ತು. ಪರವಾನಗಿಯ ವಿಷಯದಲ್ಲಿ ಒಮ್ಮತ ಮೂಡದೆ ಆ ಮಾತುಕತೆ ಕೈಗೂಡಲಿಲ್ಲ.

ಎಮ್ಯುಲೇಟರ್ ರಚಿಸುವುದು ಬೇರೆ, ಆಟವನ್ನು ನಕಲು ಮಾಡುವುದು ಬೇರೆ. ಅಮೆರಿಕದ ಮೇಲ್ಮನವಿ ನ್ಯಾಯಾಲಯವು ಸೋನಿ ಮತ್ತು ಕನೆಕ್ಟಿಕ್ಸ್ ನಡುವಿನ ಮೊಕದ್ದಮೆಯಲ್ಲಿ (2000), ಪ್ಲೇಸ್ಟೇಷನ್ ಎಮ್ಯುಲೇಟರ್ ರೂಪಿಸುವ ಸಲುವಾಗಿ ಅದರ ಬಯೋಸ್ ಅನ್ನು ನಕಲಿಸಿ ಅಧ್ಯಯನ ಮಾಡಿದ್ದು ನ್ಯಾಯಯುತ ಬಳಕೆ ಎಂದು ತೀರ್ಪಿತ್ತಿತು. ಆದರೆ ಆಟಗಳು ಮತ್ತು ಬಯೋಸ್‌ಗಳು ಕೃತಿಸ್ವಾಮ್ಯಕ್ಕೆ ಒಳಪಟ್ಟ ಕೃತಿಗಳಾಗಿಯೇ ಉಳಿಯುತ್ತವೆ. ಅವುಗಳನ್ನು ಅಂತರಜಾಲದಲ್ಲಿ ಅನುಮತಿಯಿಲ್ಲದೆ ಹಂಚುವುದು ಕಾನೂನುಬಾಹಿರ.

ಭಾರತದಲ್ಲಿ ಕೃತಿಸ್ವಾಮ್ಯ ಅಧಿನಿಯಮ, 1957ರ 52ನೆಯ ಪ್ರಕರಣವು, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯಬದ್ಧವಾಗಿ ಹೊಂದಿರುವವರು ನಾಶ ಅಥವಾ ಹಾನಿಯಿಂದ ರಕ್ಷಣೆಗಾಗಿ ತಾತ್ಕಾಲಿಕ ಮೀಸಲು ಪ್ರತಿ ಮಾಡಿಕೊಳ್ಳುವುದನ್ನು ಉಲ್ಲಂಘನೆಯೆಂದು ಪರಿಗಣಿಸುವುದಿಲ್ಲ. ಈ ವಿನಾಯಿತಿ ಪ್ರತಿಯ ನ್ಯಾಯಬದ್ಧ ಧಾರಕರಿಗೆ ಮಾತ್ರ. ಇತರರು ಏರಿಸಿದ ಕಡತವನ್ನು ಇಳಿಸಿಕೊಳ್ಳಲು ಅದು ಪರವಾನಗಿಯಲ್ಲ. ಕರ್ತೃಗಳೇ ಉಚಿತವಾಗಿ ಹಂಚುವ ಹೊಸ ಹವ್ಯಾಸಿ ಆಟಗಳು ಹಳೆಯ ಯಂತ್ರಗಳಿಗಾಗಿ ಇಂದಿಗೂ ರಚನೆಯಾಗುತ್ತಿದ್ದು, ಅವುಗಳನ್ನು ನಿಶ್ಚಿಂತೆಯಿಂದ ಆಡಬಹುದು.

2020ರ ದಾಳಿ

2020ರ ಆಗಸ್ಟ್‌ನಲ್ಲಿ ದುಷ್ಕರ್ಮಿಯೊಬ್ಬ ತಂಡದ ವಿಶ್ವಾಸಾರ್ಹ ಸದಸ್ಯನ ಸೋಗಿನಲ್ಲಿ ಯೋಜನೆಯ ಸರ್ವರ್‌ಗೂ ಗಿಟ್‌ಹಬ್ ಖಾತೆಗೂ ಪ್ರವೇಶ ಪಡೆದನು. ಕೋರ್‌ಗಳನ್ನು ಸಿದ್ಧಪಡಿಸಿ ವಿತರಿಸುವ ಸರ್ವರ್ ಸ್ಥಗಿತಗೊಂಡಿತು. ಹಲವು ಆಕರ ಸಂಕೇತ ಭಂಡಾರಗಳ ಮೇಲೆ ಬರಿದಾದ ಆವೃತ್ತಿಗಳನ್ನು ಹೇರಲಾಯಿತು. ಬಳಕೆದಾರರ ಬಳಿ ಇದ್ದ ತಂತ್ರಾಂಶ ಕಲುಷಿತವಾಗಿಲ್ಲವೆಂದು ಅಭಿವೃದ್ಧಿಕಾರರು ತಿಳಿಸಿದರು. ಗಿಟ್ ಪದ್ಧತಿಯಲ್ಲಿ ಪ್ರತಿಯೊಬ್ಬ ಕೊಡುಗೆದಾರರ ಗಣಕಯಂತ್ರದಲ್ಲೂ ಸಂಕೇತದ ಇತಿಹಾಸದ ಪ್ರತಿ ಇರುತ್ತದೆಯಾದ್ದರಿಂದ ಭಂಡಾರಗಳನ್ನು ಮರುಸ್ಥಾಪಿಸುವುದು ಸಾಧ್ಯವಾಯಿತು. ಅನೇಕ ಎಮ್ಯುಲೇಟರ್‌ಗಳು ಒಂದೇ ವಿತರಣಾ ಕೇಂದ್ರವನ್ನು ನೆಚ್ಚಿಕೊಂಡಾಗ ಉಂಟಾಗುವ ಅಪಾಯವನ್ನೂ, ಪ್ರತಿಗಳು ಹಲವೆಡೆ ಇರುವುದರ ಪ್ರಯೋಜನವನ್ನೂ ಈ ಘಟನೆ ಒಟ್ಟಿಗೇ ತೋರಿಸಿತು.

ಮಿತಿಗಳು

ಮೆನುವಿನಲ್ಲಿರುವ ಆಯ್ಕೆಗಳ ಸಂಖ್ಯೆ ಹೊಸಬರನ್ನು ಗೊಂದಲಗೊಳಿಸುತ್ತದೆ ಎಂಬುದು ರೆಟ್ರೋಆರ್ಚ್ ಕುರಿತ ಸಾಮಾನ್ಯ ಟೀಕೆ. ಕೋರ್ ಮತ್ತು ಫ್ರಂಟ್‌ಎಂಡ್ ಒಂದೇ ಪ್ರಕ್ರಿಯೆಯೊಳಗೆ ನಡೆಯುವುದರಿಂದ, ಕೋರ್ ಕುಸಿದರೆ ಇಡೀ ತಂತ್ರಾಂಶ ಮುಚ್ಚಿಹೋಗುತ್ತದೆ. ಕೆಲವು ಕೋರ್‌ಗಳು ಮೂಲ ಎಮ್ಯುಲೇಟರ್‌ನ ಇತ್ತೀಚಿನ ಸುಧಾರಣೆಗಳಿಗಿಂತ ಹಿಂದುಳಿದಿರುತ್ತವೆ. ಎರಡು ಪರದೆ, ಸ್ಪರ್ಶಸಂವೇದನೆ ಮುಂತಾದ ವಿಶಿಷ್ಟ ಅಂಗಗಳುಳ್ಳ ಯಂತ್ರಗಳನ್ನು ರೆಟ್ರೋಪ್ಯಾಡ್‌ನ ಚೌಕಟ್ಟಿಗೆ ಹೊಂದಿಸುವುದೂ ಸುಲಭವಲ್ಲ.

ಸಂರಕ್ಷಣೆಯಲ್ಲಿ ಪಾತ್ರ

ಕಾಗದದ ಪುಸ್ತಕವನ್ನು ನೂರು ವರ್ಷಗಳ ನಂತರವೂ ಕಣ್ಣಿದ್ದವರು ಓದಬಹುದು. ವಿಡಿಯೋ ಗೇಮ್ ಹಾಗಲ್ಲ. ಅದನ್ನು ಓದಬಲ್ಲ ಯಂತ್ರವೂ ಉಳಿಯಬೇಕು. ಹಳೆಯ ಯಂತ್ರಗಳ ಕೆಪಾಸಿಟರ್‌ಗಳು ಕೆಡುತ್ತವೆ, ಡಿಸ್ಕ್ ಓದುವ ಲೇಸರ್‌ಗಳು ಸವೆಯುತ್ತವೆ, ಕ್ಯಾಸೆಟ್‌ನೊಳಗಿನ ಪುಟ್ಟ ಬ್ಯಾಟರಿ ಬರಿದಾದಾಗ ಉಳಿಸಿದ ಆಟ ಅಳಿಸಿಹೋಗುತ್ತದೆ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇಕಡಾ 87ರಷ್ಟು ಈಗ ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲ.

ಎಮ್ಯುಲೇಟರ್ ಈ ಸಮಸ್ಯೆಗೆ ಒಂದು ಪರಿಹಾರ. ಆದರೆ ಎಮ್ಯುಲೇಟರ್ ಕೂಡ ಒಂದು ತಂತ್ರಾಂಶವೇ ಆದ್ದರಿಂದ ಅದೂ ಹಳತಾಗುತ್ತದೆ. ಅನುಕರಣೆಯ ಜ್ಞಾನವನ್ನು ಕೋರ್‌ನಲ್ಲಿ ಪ್ರತ್ಯೇಕವಾಗಿ ಇರಿಸಿ, ಕಾಲಕ್ಕೆ ತಕ್ಕಂತೆ ಬದಲಾಗಬೇಕಾದ ಭಾಗವನ್ನು ಫ್ರಂಟ್‌ಎಂಡ್‌ಗೆ ವಹಿಸುವ ಲಿಬ್‌ರೆಟ್ರೋ ವಿಧಾನದ ಮಹತ್ವ ಇರುವುದು ಇಲ್ಲಿಯೇ. ಹೊಸ ಸಾಧನವೊಂದು ಬಂದಾಗ ಫ್ರಂಟ್‌ಎಂಡ್ ಅನ್ನು ಅದಕ್ಕೆ ಒಗ್ಗಿಸಿದರೆ, ಬಹುಪಾಲು ಕೋರ್‌ಗಳನ್ನು ಹೆಚ್ಚಿನ ತಿದ್ದುಪಡಿಯಿಲ್ಲದೆ ಅಲ್ಲಿಗೂ ಕೊಂಡೊಯ್ಯಬಹುದು.